ಮಾಡಿದವನು ಹಿಂದೆ ಕೂರಬೇಕು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಡಿಪೋದಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಲಿ ಬಿಡಿ. ಮೂವತ್ತನಾಲ್ಕು ವರ್ಷ ಬಸ್ಸಿನ ಹೊಟ್ಟೆಯ ಕೆಳಗೆ ನಿಂತು ತಲೆಯ ಮೇಲೆ ಗ್ರೀಸು ಸುರಿಸಿಕೊಂಡವನಿಗೆ ಕೋಪ ಬರದೆ ಇನ್ನೇನು ಹಾಡು ಬರುತ್ತದೆಯೇ? ಬಸ್ಸು ಸರಿಯಾಗಿ ಓಡಿದರೆ ಡ್ರೈವರಿಗೆ ಶಹಬ್ಬಾಸ್, ಕೆಟ್ಟು ನಿಂತರೆ ಮೆಕ್ಯಾನಿಕ್ಕಿಗೆ ಬೈಗುಳ. ಆದರೂ ಒಂದು ಮಾತನ್ನು ಎದೆ ತಟ್ಟಿ ಹೇಳುತ್ತೇನೆ. ಈ ಅಂಜನಪ್ಪ ಬ್ರೇಕು ಕಟ್ಟಿದ ಬಸ್ಸು ಇಳಿಜಾರಿನಲ್ಲಿ ಒಂದೇ ಒಂದು ಸಲವೂ ಕೈಕೊಟ್ಟಿಲ್ಲ.

ಅದಕ್ಕೆ ಕಾರಣ ನನ್ನ ಜಾಣತನವಲ್ಲ, ನಮ್ಮ ಡಿಪೋದ ಒಂದು ನಿಯಮ. ಅದನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ವಾರ ಹಿರಿಯ ಮೆಕ್ಯಾನಿಕ್ ಗಂಗಹನುಮಯ್ಯನವರು ನನ್ನ ಕೈಗೆ ನಟ್ಟು ಬಿಗಿಯುವ ಪಾನ ಕೊಟ್ಟು, ಬ್ರೇಕು ಕಟ್ಟಿಸಿ, ಕೆಲಸ ಮುಗಿದ ಮೇಲೆ ಬಸ್ಸಿನ ಬಾಗಿಲು ತೋರಿಸಿದರು. "ಹತ್ತು ಒಳಕ್ಕೆ" ಎಂದರು. ನಾನು ಎಲ್ಲಿಗೆ ಎಂದೆ. "ಬಸ್ಸು ಎಲ್ಲಿಗೋಯ್ತದೋ ಅಲ್ಲಿಗೆ. ಬ್ರೇಕ್ ಕಟ್ಟಿದೋನೇ ಮೊದ್ಲ ಟ್ರಿಪ್ಪಾಗೆ ಕೂರ್ಬೇಕು ಕಣ್ಲಾ. ಕೂರಾಕೆ ಭಯ ಆದ್ರೆ ಈಗ್ಲೇ ಹೇಳು, ಇನ್ನೊಂದಪ ಬಿಚ್ಚಾನ." ಅಂದು ಪಾವಗಡದವರೆಗೆ ಹೋಗಿ ಬಂದೆ. ಹೋಗುವಾಗ ಸೀಟಿನ ಕಂಬಿ ಬಿಡಲಿಲ್ಲ, ಬರುವಾಗ ಗೊರಕೆ ಹೊಡೆದೆ. ಆಮೇಲೆ ಮೂವತ್ತನಾಲ್ಕು ವರ್ಷವೂ ಕೂತೆ.

ಈ ನಿಯಮವನ್ನು ಮರೆತದ್ದು ನಿವೃತ್ತನಾದ ಮೇಲೆ. ಮರೆತದ್ದಕ್ಕೆ ಸರಿಯಾಗಿ ಅನುಭವಿಸಿದೆ ಕೂಡ.

ಮಧುಗಿರಿಯಲ್ಲಿ ನಮ್ಮ ಮನೆಯ ಮುಂದೆ ಒಂದು ಶೆಡ್ಡಿದೆ. ಬಾಗಿಲಲ್ಲಿ ನಿಂತರೆ ಬೆಟ್ಟದ ಬಂಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ನಿವೃತ್ತಿಯ ನಂತರ ಅಲ್ಲೊಂದು ಬೆಂಚು, ತಗಡು ಹಿಡಿಯುವ ವೈಸು, ಡ್ರಿಲ್ಲು ಇಟ್ಟುಕೊಂಡು ಕೂತೆ. ಅಂಗಡಿ ಅಂತಲ್ಲ, ಮನೆಯೊಳಗಿದ್ದರೆ ನನಗೂ ನನ್ನ ಹೆಂಡತಿ ಲಕ್ಕಮ್ಮನಿಗೂ ದಿನವಿಡೀ ಜಗಳ, ಅದಕ್ಕೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಲಗೇಜ್ ಆಟೋ ಬಂದು ನಿಂತಿತು. ಅದರಲ್ಲೊಂದು ಬೈಕು, ಬೈಕಿನ ಪಕ್ಕ ಕೆಂಪು ಮಣ್ಣು ಮೆತ್ತಿಕೊಂಡ ಒಬ್ಬ ಹುಡುಗಿ. ಹೆಸರು ಶೃತಿ. ಸಿರಾ ತಾಲ್ಲೂಕಿನ ತಾವರೆಕೆರೆಯವಳು, ಲೈಸೆನ್ಸ್ ಪಡೆದ ಸರ್ವೇಯರ್. ಜಮೀನು ಅಳೆಯಲು ಹೊಲ, ಹಳ್ಳ, ಗೋಮಾಳವೆಲ್ಲ ಆ ಬೈಕಿನಲ್ಲೇ ಸುತ್ತುತ್ತಾಳೆ. ಬುಕ್ಕಾಪಟ್ಟಣದ ಹತ್ತಿರ ಬಂಡಿದಾರಿಯ ಕಲ್ಲೊಂದು ಇಂಜಿನ್ನಿನ ತಳಕ್ಕೆ ಬಡಿದು, ತಳ ಸೀಳಿ, ಆಯಿಲ್ಲೆಲ್ಲ ನೆಲಕ್ಕೆ ಹೋಗಿತ್ತು.

ತಳಕ್ಕೆ ರಕ್ಷಣೆ ಇರಲಿಲ್ಲವೆಂದಲ್ಲ. ಇಂಜಿನ್ ಗಾರ್ಡ್ ಎಂದು ಹಾಕಿಸಿದ್ದಳು. ನಾನದನ್ನು ಬಿಚ್ಚಿ ಎರಡು ಬೆರಳಲ್ಲಿ ಎತ್ತಿ ಹಿಡಿದೆ. ಅಲ್ಯೂಮಿನಿಯಮ್ಮಿನದು, ಮಡಚಿ ಮುದ್ದೆಯಾಗಿತ್ತು.

"ಇದೇನಮ್ಮ ಇದು, ಇಡ್ಲಿ ತಟ್ಟೇನಾ?"

"ಆನ್‌ಲೈನ್‌ನಲ್ಲಿ ತರಿಸಿದ್ದಣ್ಣ. ಐದು ಸ್ಟಾರ್ ಇತ್ತು."

"ಸ್ಟಾರು ಆಕಾಶದಾಗೆ ಇರ್ಲಿ ಕಣಮ್ಮ. ಕಲ್ಲು ನೆಲದ ಮ್ಯಾಲೈತೆ!"

ಅವಳು ನಕ್ಕಳು. ನನಗೆ ನಗು ಬರಲಿಲ್ಲ, ರೇಗಿತು. ನಮ್ಮ ನೆಲವನ್ನು ಕಣ್ಣಲ್ಲಿ ಕಾಣದ ಯಾರೋ ಎಲ್ಲೋ ಕೂತು ಮಾಡಿದ ತಗಡನ್ನು ನಮ್ಮ ಕಲ್ಲಿನ ಮೇಲೆ ಓಡಿಸಿದರೆ ಇನ್ನೇನಾಗುತ್ತದೆ? ನಾನೇ ಮಾಡಿಕೊಡುತ್ತೇನೆ ಎಂದು ಬಾಯಿಂದ ಬಂದುಬಿಟ್ಟಿತು.

ಮೂರು ವಾರ ಹಿಡಿಯಿತು. ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿದೆ. ಆಮೇಲೆ ಮೂರು ಎಂಎಂ ಉಕ್ಕಿನ ತಗಡು ತಂದೆ. ಬರೀ ಚಪ್ಪಟೆ ತಗಡಾದರೆ ಕಲ್ಲು ಬಡಿದಾಗ ಬಾಗುತ್ತದೆ, ಅಂಚನ್ನು ಮೇಲಕ್ಕೆ ಮಡಚಿದರೆ ಗಟ್ಟಿ ಬರುತ್ತದೆ. ಎಲ್ಲಿ ಮಡಚಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಎದುರಿನ ಗೋಡೆಗೆ ಲಕ್ಕಮ್ಮ ನೇತುಹಾಕಿದ್ದ ಮೊರ ಕಣ್ಣಿಗೆ ಬಿತ್ತು. ಮೂರು ಕಡೆ ಗೋಡೆ, ಒಂದು ಕಡೆ ಬಾಯಿ. ಇದೇ ಸರಿ ಎನಿಸಿತು. ಇಂಜಿನ್ನಿಗೆ ಗಾಳಿ ಬೇಕಲ್ಲ, ಬಾಯನ್ನು ಮುಂದಕ್ಕಿಟ್ಟೆ. ಬಸ್ಸಿಗೂ ಗಾಳಿ ಬರುವುದು ಮುಂದಿನಿಂದಲೇ. ಹಿಂದೆ ಗೋಡೆ ಇದ್ದರೆ ಚಕ್ರ ಎರಚುವ ಕಲ್ಲೂ ತಗಲುವುದಿಲ್ಲ ಎಂದು ಲೆಕ್ಕ ಹಾಕಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಶೃತಿ ಅದನ್ನು ಹಾಕಿಕೊಂಡು ಎರಡು ತಿಂಗಳು ಓಡಾಡಿದಳು. ತಗಡಿಗೆ ಗೀರು ಬಿತ್ತು, ಇಂಜಿನ್ನಿಗೆ ಬೀಳಲಿಲ್ಲ. ಅದಕ್ಕೆ ಮೊರ ಎಂದು ಹೆಸರಿಟ್ಟವಳೂ ಅವಳೇ.

ಶೃತಿಯದೊಂದು ಬೈಕು ಕ್ಲಬ್ಬಿದೆ. ಬಯಲು ರೈಡರ್ಸ್ ಅಂತ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಮೂವತ್ತು ಜನ. ಭಾನುವಾರ ಬಂತೆಂದರೆ ಡಾಂಬರು ಇಲ್ಲದ ದಾರಿ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಕಾಲದಲ್ಲಿ ಒಳ್ಳೆಯ ರಸ್ತೆ ಬರಲೆಂದು ಅರ್ಜಿ ಹಾಕುತ್ತಿದ್ದೆವು, ಇವರು ಕೆಟ್ಟ ರಸ್ತೆಗಾಗಿ ಪೆಟ್ರೋಲು ಸುಡುತ್ತಾರೆ. ಆದರೆ ಒಂದು ಮಾತು, ಬೈಕನ್ನು ಅವರಷ್ಟು ಪ್ರೀತಿಸುವವರನ್ನು ನಾನು ಕಂಡಿಲ್ಲ. ಒಂದು ನಟ್ಟು ಬದಲಿಸಲು ಹತ್ತು ಜನರನ್ನು ವಿಚಾರಿಸುತ್ತಾರೆ. ಅಂಥವರ ಮುಂದೆ ಒಂದು ಭಾನುವಾರ ಬೆಳಿಗ್ಗೆ, ಬೆಟ್ಟದ ಬುಡದ ಟಿಫನ್ ಗಾಡಿಯ ಹತ್ತಿರ, ನನ್ನ ಮೊರ ಹಿಡಿದು ನಿಂತೆ.

ಎಲ್ಲರೂ ಸುತ್ತುಗಟ್ಟಿದರು. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್ ಆಗಿರುವ ನವೀನ್ ಕುಮಾರ್ ಎಂಬುವನು ಮುಂದೆ ಬಂದ. ಕ್ಲಬ್ಬಿನಲ್ಲಿ ಅವನು ಸರಿ ಎಂದರೆ ಸರಿ, ಇಲ್ಲ ಎಂದರೆ ಇಲ್ಲ. ಅವನ ಮಾತಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ; ಹಿರಿಯರನ್ನೆಲ್ಲ ಪೆದ್ದಾಯನಾ ಎನ್ನುತ್ತಾನೆ. ಮೊರವನ್ನು ಕೈಯಲ್ಲಿ ತೂಗಿ, ಬೆರಳಿಂದ ಕುಟ್ಟಿ, ಅತ್ತಿತ್ತ ತಿರುಗಿಸಿದ.

"ಏಮಿ ಪೆದ್ದಾಯನಾ, ಇದ್ರಲ್ಲಿ ರಾಗಿ ಕೇರೋದಾ?"

ಎಲ್ಲರೂ ಹೋ ಎಂದು ನಕ್ಕರು. ನಾನು ಹಲ್ಲು ಕಚ್ಚಿಕೊಂಡೆ.

"ಯಾವ ಕಂಪನಿದು?" ಎಂದ.

"ಅಂಜನಪ್ಪ."

"ಟೆಸ್ಟಿಂಗ್ ಯಾರು ಮಾಡಿದ್ದು?"

"ಆಯಮ್ಮ ಮಾಡೈತೆ, ಎರಡು ತಿಂಗ್ಳು" ಎಂದು ಶೃತಿಯನ್ನು ತೋರಿಸಿದೆ. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಶೃತಿ ಕ್ಲಬ್ಬಿನ ಸೆಕ್ರೆಟರಿ. ಅವಳು ಟೀ ಲೋಟ ಕೆಳಗಿಟ್ಟು ಹೇಳಿದಳು: "ನೋಡ್ರಪ್ಪಾ, ನಾನು ಹಾಕ್ಕೊಂಡು ಓಡಿಸಿದೀನಿ. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಜವಾಬ್ದಾರಿ ನಂದು. ಸೆಕ್ರೆಟರಿ ಕೆಲ್ಸ ಬಿಟ್ಟು ಮನೇಲಿ ಕೂತ್ಕೊಂತೀನಿ." ಅಷ್ಟರ ಮೇಲೆ ಆರು ಜನ ಒಪ್ಪಿದರು. ಅವರಲ್ಲಿ ನವೀನನೂ ಒಬ್ಬ. ಒಪ್ಪುವಾಗಲೂ ಕೊಂಕು ಬಿಡಲಿಲ್ಲ. "ಶೃತಿ ಮುಖ ನೋಡಿ ಹಾಕ್ಕೊಂತೀನಿ ಪೆದ್ದಾಯನಾ, ನಿನ್ನ ಮುಖ ನೋಡಿ ಅಲ್ಲ." ಅವನ ಕೊಂಕಿಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದುಕೊಂಡು, ಆರೂ ಬೈಕಿಗೆ ನನ್ನ ಕೈಯಾರೆ ಕಟ್ಟಿ ಕಳಿಸಿದೆ. ಕಟ್ಟಿ ಕಳಿಸಿದೆ ಅಷ್ಟೇ, ಹತ್ತಿ ಕೂರಲಿಲ್ಲ.

ಜನವರಿ ಕೊನೆಯ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಶೃತಿಯ ಫೋನ್ ಬಂತು. ದನಿ ಸಣ್ಣಗಿತ್ತು.

"ಅಣ್ಣಾ, ನವೀನನ ಬೈಕಲ್ಲಿ ಹೊಗೆ ಬಂತು."

ಕೈಯಲ್ಲಿದ್ದ ತುತ್ತು ತಟ್ಟೆಗೇ ಬಿಟ್ಟೆ. ಬುಕ್ಕಾಪಟ್ಟಣದ ಕಡೆ ಸೊಂಟದೆತ್ತರ ಒಣಗಿದ ಕರಡ ಹುಲ್ಲಿನ ನಡುವೆ ಹೋಗಿದ್ದರಂತೆ. ಹುಲ್ಲೆಲ್ಲ ನನ್ನ ಮೊರದೊಳಗೆ ನುಗ್ಗಿ, ತುಂಬಿ, ಕಾದ ಸೈಲೆನ್ಸರಿಗೆ ಒತ್ತಿಕೊಂಡು ಹೊಗೆಯಾಡತೊಡಗಿದೆ. ಕಿಡಿ ಹಾರುವಷ್ಟರಲ್ಲಿ ಹಿಂದೆ ಬರುತ್ತಿದ್ದವನು ನೋಡಿ ಕೂಗಿದ್ದಾನೆ. ಕುಡಿಯುವ ನೀರು ಸುರಿದು, ಮಣ್ಣೆರಚಿ ಆರಿಸಿದ್ದಾರೆ. ಯಾರಿಗೂ ಏನೂ ಆಗಿಲ್ಲ. ಸುತ್ತಲೂ ಒಣ ಹುಲ್ಲು, ಆಚೆಗೆ ಕಾಡು. ಸ್ವಲ್ಪ ತಡವಾಗಿದ್ದರೆ ಕಾಡಿಗೇ ಬೆಂಕಿ.

ಅವಳು ಕ್ಲಬ್ಬಿನ ಗ್ರೂಪಿನಲ್ಲಿ ಬಂದ ಬೈಕಿನ ಫೋಟೋ ಕಳಿಸಿದಳು. ಜೊತೆಗೆ ನವೀನನ ಮಾತು: "ಇದು ಮೊರ ಅಲ್ಲ, ಒಲೆ. ಎಲ್ರೂ ಬಿಚ್ಚಿ ಬಿಸಾಕಿ." ಕೊನೆಗೆ ಅವಳೇ ಹೇಳಿದಳು: "ನಾನು ಸೆಕ್ರೆಟರಿ ಕೆಲ್ಸ ಬಿಡ್ತೀನಿ ಅಂತ ಗ್ರೂಪಲ್ಲಿ ಹಾಕಿದೀನಿ ಅಣ್ಣಾ. ಮಾತು ಕೊಟ್ಟಿದ್ದೆನಲ್ಲ."

ನಾನು ನಾಚಿಕೆಯಾಗಬೇಕಾದ ಹೊತ್ತಿನಲ್ಲಿ ಕೂಗಾಡಿದೆ. "ಹುಲ್ಲಾಗೆ ನುಗ್ಸು ಅಂತ ಯಾವನು ಹೇಳ್ದ? ಬೈಕು ಓಡ್ಸೋದಾ, ದನ ಮೇಯ್ಸೋದಾ? ನಾನು ಮಾಡಿದ್ದು ಕಲ್ಲಿಗೆ, ಹುಲ್ಲಿಗಲ್ಲ!" ಫೋನಿಟ್ಟ ಮೇಲೂ ಗೋಡೆಗೆ ಬೈದೆ. ಲಕ್ಕಮ್ಮ ಅಷ್ಟನ್ನೂ ಕೇಳಿಸಿಕೊಂಡು, ಸೆರಗಿಗೆ ಕೈ ಒರೆಸಿ, ನನ್ನ ಫೋನು ಎತ್ತಿಕೊಂಡಳು. ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು.

"ಅಯ್ಯೋ ನಿನ್ನ! ಇದ್ಯಾಕೆ ಇಂಗಿಟ್ಟಿದ್ದೀಯ?"

"ಹೆಂಗಿಟ್ಟಿದ್ದೀನಿ?"

"ನಾನು ಕೇರುವಾಗ ಮೊರದ ಬಾಯಿ ಯಾವ ಕಡಿಕೆ ಇರ್ತದೆ? ನನ್ನೆದೆ ಕಡಿಕಾ, ಆಚೆಗಾ?"

"ಆಚೆಗೆ" ಎಂದೆ.

"ಯಾಕೆ?"

"ಹೊಟ್ಟು ಆಚೆಗೋಗ್ಲಿ ಅಂತ."

"ಮತ್ತೆ ನೀನು ಬಾಯ ತಗಂಡೋಗಿ ಗಾಳಿ ಬರೋ ಕಡಿಕೇ ಇಟ್ಟಿದ್ದೀಯಲ್ಲಯ್ಯ. ಹೊಟ್ಟು ಒಳಕ್ಕೆ ಬರ್ದೆ ಎಲ್ಲೋಯ್ತದೆ? ಮೊರ ನೋಡಿ ಮಾಡ್ದೆ ಅಂತ ಊರೆಲ್ಲ ಕೊಚ್ಕಂಡೆ. ಕೇರೋಳ್ನ ಒಂದ್ಮಾತು ಕೇಳಿದ್ರೆ ನಿನ್ನ ಗಂಟೇನೋಗ್ತಿತ್ತು?"

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಅಲ್ಲೇ ಕೂತೆ. ಬಸ್ಸು ಹುಲ್ಲಿನಲ್ಲಿ ಓಡುವುದಿಲ್ಲ, ಅದಕ್ಕೇ ನನ್ನ ತಲೆಗೆ ಹುಲ್ಲು ಬರಲೇ ಇಲ್ಲ. ಶೃತಿ ಓಡಿಸಿದ್ದು ಮಳೆ ಹೋದ ಹೊಸದರಲ್ಲಿ, ಹಸಿ ಹುಲ್ಲಿನಲ್ಲಿ. ಇದೆಲ್ಲ ಸರಿ. ಆದರೆ ಒಳಗೆ ಕೊರೆಯುತ್ತಿದ್ದುದು ಬೇರೆ. ಆರು ಜನರ ತೊಡೆಯ ಕೆಳಗೆ ನನ್ನ ಕೈಕೆಲಸ ಕಟ್ಟಿ ಕಳಿಸಿದ್ದೆ, ಒಬ್ಬರ ಹಿಂದೆಯೂ ನಾನು ಕೂರಲಿಲ್ಲ. ಒಂದು ಸಲ, ಒಂದೇ ಒಂದು ಸಲ ಆ ದಾರಿಯಲ್ಲಿ ಕೂತು ಹೋಗಿದ್ದರೆ ಹುಲ್ಲು ನನ್ನ ಕಾಲಿಗೇ ಬಡಿದು ಹೇಳುತ್ತಿತ್ತು. ಗಂಗಹನುಮಯ್ಯನವರು ತೀರಿಕೊಂಡು ಹದಿನೈದು ವರ್ಷವಾಗಿತ್ತು. ಅವರು ಬದುಕಿದ್ದರೆ ಪಾನದಲ್ಲಿ ಹೊಡೆಯುತ್ತಿದ್ದರು, ಹೊಡೆಸಿಕೊಳ್ಳಬೇಕಾದದ್ದೇ. ಮೂವತ್ತನಾಲ್ಕು ವರ್ಷ ಕಾಪಾಡಿಕೊಂಡ ಹೆಸರನ್ನು ಒಂದು ಕಂತೆ ಹುಲ್ಲು ತಿಂದು ಹಾಕಿತ್ತು. ಅದರ ಜೊತೆಗೆ ನನ್ನನ್ನು ನಂಬಿದ ಒಬ್ಬ ಹೆಣ್ಣುಮಗಳ ಮಾತೂ ಹೋಗಿತ್ತು. ನನ್ನ ಹೆಸರು ಹೋದರೆ ಹೋಗಲಿ, ಅವಳ ಮಾತು ಉಳಿಸಲೇಬೇಕು ಅನಿಸಿತು.

ಉಳಿದ ಐವರಿಗೂ ಫೋನ್ ಮಾಡಿ ನಾನು ಬಂದು ಬಿಚ್ಚುವವರೆಗೆ ಹುಲ್ಲಿಗೆ ಇಳಿಯಬೇಡಿ ಎಂದೆ. ಮಾರನೇ ದಿನ ಬೆಳಿಗ್ಗೆ ಪಾನದ ಚೀಲ ಹಿಡಿದು ಪಾವಗಡದ ಬಸ್ಸು ಹತ್ತಿದೆ. ನವೀನ ಮನೆಯ ಮುಂದೆ ಬೈಕು ತೊಳೆಯುತ್ತಿದ್ದ. ನನ್ನನ್ನು ನೋಡಿ ಪೈಪು ಕೆಳಗೆ ಬಿಟ್ಟ. ನಾನು ಜಗಳಕ್ಕೆ ಬಂದೆನೆಂದು ತಿಳಿದಿರಬೇಕು, ಎದೆ ಸೆಟೆಸಿದ.

"ತಪ್ಪು ನಂದು ಕಣಪ್ಪ" ಎಂದೆ. "ನೀನು ಓಡ್ಸಿದ್ದು ಸರಿಯಾಗೈತೆ. ಬಾಯಿ ಹಿಂದಕ್ಕಿರ್ಬೇಕಿತ್ತು, ನಾನು ಮುಂದಕ್ಕಿಟ್ಟೆ. ಬಿಚ್ಕಂಡು ಹೋಗಾಕೆ ಬಂದಿವ್ನಿ."

ಅವನು ಬೈಕು ಬಿಟ್ಟು ಪಕ್ಕಕ್ಕೆ ಸರಿದ. ನಾನು ಆ ಒದ್ದೆ ನೆಲದಲ್ಲೇ ಮಲಗಿ ನಾಲ್ಕು ಬೋಲ್ಟು ಬಿಚ್ಚಿದೆ. ಮೊರದ ಒಳಗೋಡೆಗೆ ಕಪ್ಪು ಹಿಡಿದಿತ್ತು. ಏಳುವಾಗ ಸೊಂಟ ಹಿಡಿಯಿತು. ಅವನೇ ಕೈ ಕೊಟ್ಟು ಎಬ್ಬಿಸಿದ, ಒಳಗೆ ಕರೆದು ಕಾಫಿ ಕೊಡಿಸಿದ.

"ಹತ್ತು ವರ್ಷದಿಂದ ಬಂಡಿ ಓಡಿಸ್ತಿದೀನಿ ಪೆದ್ದಾಯನಾ. ಎಷ್ಟೋ ಕಂಪನಿ ಪಾರ್ಟ್ಸ್ ಹಾಕಿದೀನಿ, ಎಷ್ಟೋ ಕೆಟ್ಟಿದೆ. ಕೆಟ್ಟಾಗ ಫೋನ್ ಎತ್ತೋರೂ ಇಲ್ಲ. ಬಸ್ ಹತ್ತಿ ಬಂದು ತಪ್ಪು ನಂದು ಅಂದೋರು ನೀವೊಬ್ರೇ" ಎಂದ. ನನಗೆ ಸ್ವಲ್ಪ ಉಸಿರು ಬಂದಂತಾಯಿತು. ಅಷ್ಟರಲ್ಲಿ ಸೇರಿಸಿದ: "ಆದ್ರೆ ಇನ್ನೊಂದು ಸಲ ನನ್ನ ಬಂಡಿಗೆ ಮಾತ್ರ ಬೇಡ. ಹೊಗೆ ಕಂಡೋನು ನಾನು."

ಅದೂ ಸರಿಯೇ. ಅಲ್ಲಿಂದ ಸಿರಾ, ಕೊರಟಗೆರೆ ಎಂದು ಮೂರು ದಿನ ತಿರುಗಿ ಉಳಿದ ಐದನ್ನೂ ಶೃತಿಯದನ್ನೂ ಬಿಚ್ಚಿಕೊಂಡು ಬಂದೆ. ಪ್ರತಿಯೊಂದು ಬಾಗಿಲಲ್ಲೂ ಅದೇ ಮಾತು ಹೇಳಿದೆ. ಮೊದಲ ಬಾಗಿಲಲ್ಲಿ ನಾಲಿಗೆ ತಡವರಿಸಿತು, ಕೊನೆಯ ಬಾಗಿಲ ಹೊತ್ತಿಗೆ ಅಭ್ಯಾಸವಾಗಿತ್ತು.

ಹೊಸ ಮೊರಕ್ಕೆ ಮುಂದೆ ಎತ್ತರದ ಗೋಡೆ ಕೊಟ್ಟೆ, ಕಲ್ಲಿಗೆ ಎದೆಯೊಡ್ಡುವ ಹಾಗೆ ಓರೆಯಾಗಿ. ಗಾಳಿಗೆ ಆ ಗೋಡೆಯ ಮೇಲ್ತುದಿಯಲ್ಲಿ ಸಣ್ಣ ತೂತುಗಳನ್ನು ಕೊರೆದೆ. ಬಾಯಿ ಹಿಂದಕ್ಕೆ. ಮುಗಿಸಿ ಲಕ್ಕಮ್ಮನ ಮುಂದಿಟ್ಟೆ. ಅವಳು ಅದನ್ನು ಎರಡು ಕೈಯಲ್ಲಿ ಎತ್ತಿದಳು, ಅಂಗಳಕ್ಕೆ ಹೋದಳು. ಒಂದು ಬೊಗಸೆ ರಾಗಿ ಹೊಟ್ಟು ಹಾಕಿಕೊಂಡು ನಿಜವಾಗಿಯೂ ಕೇರಿಯೇಬಿಟ್ಟಳು! ಮೂರೂವರೆ ಕಿಲೋ ಉಕ್ಕು. ಅರವತ್ತರ ಹೆಂಗಸು. ಹೊಟ್ಟೆಲ್ಲ ಬಾಯಿಂದಾಚೆ ಹಾರಿತು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

"ತೂಕ ಜಾಸ್ತಿ ಆಯ್ತು. ಹೊಟ್ಟು ಮಾತ್ರ ನಿಲ್ಲಾಕಿಲ್ಲ, ಹೋಗು" ಎಂದಳು. ಯಾವ ಪ್ರಯೋಗಶಾಲೆಯ ಮುದ್ರೆಯೂ ನನಗೆ ಅಷ್ಟು ಧೈರ್ಯ ಕೊಡುತ್ತಿರಲಿಲ್ಲ.

ಶೃತಿಗೆ ಫೋನ್ ಮಾಡಿ ಹೇಳಿದೆ: "ಕ್ಲಬ್ಬಿನೋರ್ನೆಲ್ಲ ಒಂದಪ ಕರಿಯಮ್ಮ. ಅದೇ ಜಾಗಕ್ಕೆ, ಅದೇ ಹುಲ್ಲಿಗೆ. ನಿನ್ನ ಬೈಕಿಗೆ ಹೊಸದು ಕಟ್ತೀನಿ. ಹಿಂದೆ ನಾನು ಕೂರ್ತೀನಿ."

"ನೀವಾ? ಅಣ್ಣಾ, ಆ ದಾರೀಲಿ ನಮಗೇ ಸೊಂಟ ಮುರಿಯುತ್ತೆ!"

"ಮುರಿದ್ರೆ ನಂದೇ ತಾನೇ ಮುರಿಯೋದು."

ಫೆಬ್ರವರಿಯ ಎರಡನೇ ಭಾನುವಾರ. ಹುಲ್ಲು ಇನ್ನೂ ಒಣಗಿ ಮುಟ್ಟಿದರೆ ಪುಡಿಯಾಗುವಂತಿತ್ತು. ನಾನು ಪೆಟ್ಟಿಗೆಯಿಂದ ಡಿಪೋದ ಖಾಕಿ ಅಂಗಿ ತೆಗೆದು ಹಾಕಿಕೊಂಡು ಹೋಗಿದ್ದೆ. ಹೊಟ್ಟೆಯ ಹತ್ತಿರ ಗುಂಡಿ ಬಿಗಿಯಾಗಿತ್ತು, ಆದರೂ ಹಾಕಿದೆ. ಶೃತಿ ಗಡಿಕಲ್ಲು ತೋರಿಸಿ, ಅದರಾಚೆ ಜಿಂಕೆಗಳ ಕಾಡು, ಯಾರೂ ದಾಟಬಾರದು, ಈಚೆಯ ಗೋಮಾಳದ ಬಂಡಿದಾರಿಯಲ್ಲೇ ಹೋಗಬೇಕು ಎಂದು ಎಲ್ಲರಿಗೂ ಹೇಳಿದಳು. ನಾಲ್ಕು ಜನ ನೀರಿನ ಕ್ಯಾನು ಹಿಡಿದು ದಾರಿಯುದ್ದಕ್ಕೂ ನಿಂತರು. ಇಪ್ಪತ್ತು ಬೈಕು ಬಂದಿದ್ದವು. ಯಾರೂ ನಗುತ್ತಿರಲಿಲ್ಲ. ನಾನು ಎಲ್ಲರಿಗೂ ಕೇಳುವಂತೆ ಡಿಪೋದ ನಿಯಮ ಹೇಳಿದೆ. ಮೊದಲ ಸಲ ನಾನು ಕೂರಲಿಲ್ಲ, ಅದಕ್ಕೇ ಹೊಗೆ ಬಂತು, ಇವತ್ತು ಕೂರುತ್ತೇನೆ, ಇವತ್ತೂ ಹೊಗೆ ಬಂದರೆ ನನ್ನ ಶೆಡ್ಡಿಗೆ ಬೀಗ ಎಂದೆ.

ಶೃತಿಯ ಬೈಕಿನ ಹತ್ತಿರ ಹೋಗಿ ಪಾನ ತೆಗೆದೆ. ಹಿಂದಿನಿಂದ ಯಾರೋ ಭುಜ ಮುಟ್ಟಿದರು. ನವೀನ.

"ಅದಕ್ಕೆ ಬೇಡ ಪೆದ್ದಾಯನಾ. ನನ್ನ ಬಂಡಿಗೆ ಕಟ್ರಿ."

"ಬ್ಯಾಡ ಅಂದಿದ್ದೆಯಲ್ಲ?"

"ಅಂದಿದ್ದೆ. ಕೂರ್ತೀರಿ ಅಂತ ಆಗ ಹೇಳಿದ್ರಾ?"

ನಾಲ್ಕೂ ಬೋಲ್ಟನ್ನು ಎರಡೆರಡು ಸಲ ಬಿಗಿದೆ. ಹೆದರಿಕೆಯೋ, ಸಂತೋಷವೋ, ಎರಡೂ ಇರಬೇಕು. ಹೆಲ್ಮೆಟ್ ಹಾಕಿಕೊಂಡು ಅವನ ಹಿಂದೆ ಹತ್ತಿ, ಎರಡು ಕೈಯಲ್ಲೂ ಅವನ ಸೊಂಟ ಹಿಡಿದೆ. ಬೈಕು ಹುಲ್ಲಿಗೆ ನುಗ್ಗಿತು.

ಅಬ್ಬಬ್ಬಾ! ಬಸ್ಸಿನ ಕಡೇ ಸೀಟು ಇದರ ಮುಂದೆ ತೊಟ್ಟಿಲು. ಎರಡೂ ಕಡೆಯಿಂದ ಕರಡ ನನ್ನ ಮೊಣಕಾಲಿಗೆ ಚಾಟಿಯಂತೆ ಬಡಿಯುತ್ತಿತ್ತು. ಕೆಳಗೆ ಕಲ್ಲು ಢಣ್ ಎಂದರೆ ನನ್ನ ಬೆನ್ನುಮೂಳೆ ಅದಕ್ಕೆ ಉತ್ತರ ಕೊಡುತ್ತಿತ್ತು. ಪ್ರತಿ ಢಣ್‌ಗೂ ಮೊರ ಹೋಯಿತು ಅಂದುಕೊಂಡೆ. ಮೂಗು ಮಾತ್ರ ಒಂದೇ ಕೆಲಸ ಮಾಡುತ್ತಿತ್ತು, ಹೊಗೆಯ ವಾಸನೆ ಹುಡುಕುವುದು. ನನ್ನ ಕಾಲಿನ ಪಕ್ಕದಲ್ಲೇ ಸೈಲೆನ್ಸರು, ಅದರ ಬಿಸಿ ಪ್ಯಾಂಟಿಗೆ ತಾಗುತ್ತಿತ್ತು. ನವೀನ ನನ್ನ ವಯಸ್ಸಿಗೆ ಒಂದಿಷ್ಟೂ ರಿಯಾಯಿತಿ ಕೊಡಲಿಲ್ಲ. ಹುಲ್ಲು ದಟ್ಟವಾಗಿದ್ದ ಕಡೆಯೇ ಆರಿಸಿ ಓಡಿಸಿದ. ಹಿಂದಿನ ಸಲ ಹೊಗೆ ಬಂದ ಜಾಗ ದಾಟಿದೆವು. ಒಂದು ಹಾಸುಬಂಡೆಯ ಅಂಚಿನಿಂದ ಧೊಪ್ಪನೆ ಇಳಿದಾಗ ಇಡೀ ಬೈಕು ಮೊರದ ಮೇಲೇ ಕೂತಿತು. ನಾನು ಮನೆದೇವರನ್ನು ಕೂಗಿದೆ. ಅವನು ಹಿಂತಿರುಗದೆ "ಇದ್ದೀರಾ ಪೆದ್ದಾಯನಾ?" ಎಂದ. "ಇವ್ನಿ, ಓಡ್ಸು!" ಎಂದೆ.

ಆರು ಕಿಲೋಮೀಟರು ಹೋಗಿ, ತಿರುಗಿ, ಮತ್ತೆ ಅದೇ ಹುಲ್ಲಿನಲ್ಲಿ ಬಂದು ನಿಲ್ಲಿಸಿದ. ನನಗೆ ಇಳಿಯಲು ಆಗಲಿಲ್ಲ, ಶೃತಿ ಬಂದು ಇಳಿಸಿಕೊಂಡಳು. ನವೀನ ಗ್ಲೌಸು ಬಿಚ್ಚಿ ನೆಲದ ಮೇಲೆ ಅಂಗಾತ ಮಲಗಿ ಇಂಜಿನ್ನಿನ ಕೆಳಗೆ ತಲೆ ತೂರಿಸಿದ. ಮೊರದ ಬಾಯಿಂದ ಕೈ ಹಾಕಿ ಮೂಲೆ ಮೂಲೆ ತಡಕಿದ. ನನಗೆ ಆ ಒಂದು ನಿಮಿಷ ಆರು ಕಿಲೋಮೀಟರಿಗಿಂತ ಉದ್ದವಾಯಿತು. ಕೈ ಈಚೆ ತೆಗೆದು ಎಲ್ಲರಿಗೂ ತೋರಿಸಿದ. ಅಂಗೈಯಲ್ಲಿ ಎರಡು ಹುಲ್ಲುಕಡ್ಡಿ, ಅಷ್ಟೇ.

"ಗೀರು ಒಂದು ಗೇಣಿದೆ" ಎಂದು ಅಲ್ಲಿಂದಲೇ ಕೂಗಿದ. "ಇಂಜಿನ್ ಕ್ಲೀನ್!"

ಶೃತಿ ಶಿಳ್ಳೆ ಹಾಕಿದಳು, ಇಪ್ಪತ್ತು ಹಾರ್ನು ಒಟ್ಟಿಗೆ ಕೂಗಿದವು. ನವೀನ ಎದ್ದು ಮಣ್ಣು ಕೊಡವಿಕೊಳ್ಳದೆಯೇ ಅವಳ ಹತ್ತಿರ ಹೋಗಿ, "ಸೆಕ್ರೆಟರಿ ಮೇಡಂ, ರಾಜೀನಾಮೆ ವಾಪಸ್ ತಗೋ. ಮುಂದಿನ ವಾರದ ರೂಟ್ ಹಾಕು" ಎಂದ. ಅವಳ ಕಣ್ಣು ತುಂಬಿಬಂತು. ನನ್ನದೂ ತುಂಬಿತ್ತು, ಹೆಲ್ಮೆಟ್ ಇದ್ದುದರಿಂದ ಮರ್ಯಾದೆ ಉಳಿಯಿತು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಹಾರ್ನು ಹೊಡೆದು ಮರ್ಯಾದೆ ಮಾಡಿರಲಿಲ್ಲ ಎಂಬುದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ.

ಆಮೇಲೆ ಎಲ್ಲರೂ ಕಟ್ಟಿಸಿಕೊಂಡರು. ಒಂದೊಂದು ಬೈಕಿಗೆ ಕಟ್ಟಿದಾಗಲೂ ನಾನು ಹಿಂದೆ ಕೂತು ಒಂದು ಸುತ್ತು ಹೋಗಿ ಬರುತ್ತೇನೆ. ಕೂರದೆ ಒಂದನ್ನೂ ಕೊಡುವುದಿಲ್ಲ. ಲಕ್ಕಮ್ಮ ಬೆನ್ನಿಗೆ ಎಣ್ಣೆ ತಿಕ್ಕುತ್ತಾ, "ಮದ್ವೇಲಿ ನನ್ನನ್ನ ಸೈಕಲ್ ಮ್ಯಾಲೆ ಒಂದು ಸುತ್ತು ಕರ್ಕಂಡೋಗ್ಲಿಲ್ಲ, ಈಗ ಕಂಡೋರ ಹಿಂದೆ ಸವಾರಿ" ಎಂದು ಹಂಗಿಸುತ್ತಾಳೆ. ಹೊಸದಾಗಿ ಮಾಡಿದ ಪ್ರತಿ ಮೊರವನ್ನೂ ಅವಳು ಒಂದು ಬೊಗಸೆ ಹೊಟ್ಟು ಹಾಕಿ ಕೇರಿದ ಮೇಲೆಯೇ ನಾನು ಬಣ್ಣ ಬಳಿಯುವುದು.

ಹೋದ ತಿಂಗಳು ಟಿಫನ್ ಗಾಡಿಯ ಹತ್ತಿರ ಕ್ಲಬ್ಬಿನವರೆಲ್ಲ ಸೇರಿದ್ದಾಗ ಒಬ್ಬ ಸೇಲ್ಸಿನವನು ಬಂದ. ಇಸ್ತ್ರಿ ಅಂಗಿ, ಮಿಂಚುವ ಬೂಟು, ಚೆಂದದ ಡಬ್ಬಿಯಲ್ಲಿ ಹೊಸ ಬ್ರೇಕ್ ಪ್ಯಾಡು. ಬಂಡೆಯ ಮೇಲೂ ಕಚ್ಚಿ ನಿಲ್ಲುತ್ತದೆ ಎಂದು ಹತ್ತು ನಿಮಿಷ ಓತಪ್ರೋತವಾಗಿ ಮಾತಾಡಿದ. ನಾನು ಒಂದು ಮೂಲೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದೆ. ಯಾರೂ ಕಂಪನಿ ಯಾವುದೆಂದು ಕೇಳಲಿಲ್ಲ, ಟೆಸ್ಟಿಂಗ್ ಯಾರು ಮಾಡಿದ್ದೆಂದೂ ಕೇಳಲಿಲ್ಲ. ನವೀನ ಪ್ಯಾಡನ್ನು ತಿರುಗಿಸಿ ನೋಡಿ, ಬೆಟ್ಟದ ಪಕ್ಕದ ಇಳಿಜಾರಿನ ದಾರಿಯ ಕಡೆ ಕೈ ತೋರಿಸಿದ.

"ಚೆನ್ನಾಗಿದೆ ಸಾರ್. ಈಗ್ಲೇ ಹಾಕಿಸ್ತೀನಿ. ಹಿಂದೆ ನೀವು ಕೂರ್ತೀರಾ?"

ಸೇಲ್ಸಿನವನು ಇಳಿಜಾರು ನೋಡಿದ, ತನ್ನ ಬೂಟು ನೋಡಿಕೊಂಡ. ಮೂವತ್ತು ಜನ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು. ನಾನು ತಟ್ಟೆ ಕೆಳಗಿಟ್ಟೆ. ಗಂಗಹನುಮಯ್ಯನವರೇ, ಕೇಳಿಸಿತೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ನನ್ನ ಹೆಲ್ಮೆಟ್ ತೆಗೆದುಕೊಂಡು ಹೋಗಿ ಆ ಮನುಷ್ಯನ ಕೈಗೆ ಕೊಟ್ಟೆ.

"ಹಾಕ್ಕಳಪ್ಪ" ಎಂದೆ. "ಮೊದ್ಲ ಸಲ ಎಲ್ರಿಗೂ ಭಯ ಆಯ್ತದೆ."